ಬ್ರಿಟನ್ನಿನ ಮತಪೆಟ್ಟಿಗೆ: ಕಳ್ಳಮತ ಬೇರೆ, ಒತ್ತಡ ಬೇರೆ, ಆಯ್ಕೆ ಬೇರೆ

2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷ ಶೇ 34ರ ಆಸುಪಾಸಿನ ಮತ ಪಡೆದು 411 ಸ್ಥಾನ ಬಾಚಿಕೊಂಡಿತು. ಅಂಥ ಅಲೆಯಲ್ಲೂ ಅದರ ಕೈಜಾರಿದ ಕೋಟೆಗಳಿದ್ದವು. ಬ್ಲ್ಯಾಕ್‌ಬರ್ನ್ 1955ರಲ್ಲಿ ಏಕಸದಸ್ಯ ಕ್ಷೇತ್ರವಾದಾಗಿನಿಂದ ಲೇಬರ್ ಸ್ವತ್ತು. ಅಲ್ಲಿ ಪಕ್ಷೇತರ ಅದ್ನಾನ್ ಹುಸೇನ್ 132 ಮತಗಳಿಂದ ಗೆದ್ದರು. ಲೆಸ್ಟರ್ ಸೌತ್‌ನಲ್ಲಿ ಮಂತ್ರಿಯಾಗುವವರ ಸಾಲಿನಲ್ಲಿದ್ದ ಜೊನಾಥನ್ ಆಶ್‌ವರ್ತ್ ಅವರನ್ನು ಶೌಕತ್ ಆಡಂ 979 ಮತಗಳಿಂದ ಮಣಿಸಿದರು. ಬರ್ಮಿಂಗ್‌ಹ್ಯಾಮ್ ಪೆರಿ ಬಾರ್‌ನಲ್ಲಿ ಅಯೂಬ್ ಖಾನ್, ಡ್ಯೂಸ್‌ಬರಿ ಮತ್ತು ಬ್ಯಾಟ್ಲಿಯಲ್ಲಿ ಇಕ್ಬಾಲ್ ಮೊಹಮ್ಮದ್ ಗೆದ್ದರು. ಇಲ್‌ಫರ್ಡ್ ನಾರ್ತ್‌ನಲ್ಲಿ ಲೇಬರ್ ಪಕ್ಷದ ವೆಸ್ ಸ್ಟ್ರೀಟಿಂಗ್ ಉಳಿದುಕೊಂಡದ್ದು ಬರೀ 528 ಮತಗಳ ಅಂತರದಲ್ಲಿ. ಈ ಎಲ್ಲ ಕಡೆಯೂ ಪ್ರಚಾರದ ಮುಖ್ಯ ವಿಷಯ ಗಾಜಾ.

ಮತ ಎಣಿಕೆ ಮುಗಿಯುವ ಮೊದಲೇ ವಾದ ಶುರುವಾಯಿತು. ಇದು ಕೋಮು ಮತದಾನ, ಮುಸ್ಲಿಮರು ಬ್ರಿಟಿಷ್ ಸಮಾಜದಲ್ಲಿ ಬೆರೆತಿಲ್ಲ ಅನ್ನುವುದಕ್ಕೆ ಸಾಕ್ಷಿ ಎಂದು ಒಂದು ಕಡೆಯವರು. ಅದರ ಬಾಲಕ್ಕೇ ಅಂಟಿಕೊಂಡು ‘ಪೋಸ್ಟಲ್ ವೋಟ್ ಅಂದರೇ ಮೋಸ’ ಎಂಬ ಮಾತು. ಇನ್ನೊಂದು ಕಡೆಯವರಿಗೆ ಅಕ್ರಮದ ಸುದ್ದಿ ಎತ್ತುವುದೇ ಜನಾಂಗೀಯ ದ್ವೇಷ. ಇಬ್ಬರೂ ಮೂರು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಟ್ಟಿದ್ದಾರೆ. ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕುವುದು ಕಳ್ಳತನ. ಮನೆಯ ಹಿರಿಯನೋ ಧರ್ಮಗುರುವೋ ಹೆದರಿಸಿ ಮತ ಹಾಕಿಸುವುದು ಒತ್ತಡ. ತನ್ನ ಸಮುದಾಯದ ಕಾಳಜಿ ನೋಡಿಕೊಂಡು ತಾನೇ ಮತ ಹಾಕುವುದು ಆಯ್ಕೆ. ಮೊದಲನೆಯದಕ್ಕೆ ಕಾನೂನಿನಲ್ಲಿ ಮದ್ದಿದೆ, ಎರಡನೆಯದಕ್ಕೆ ಅರ್ಧ ಮದ್ದಿದೆ, ಮೂರನೆಯದು ರೋಗವೇ ಅಲ್ಲ. ಕಳೆದ ಎರಡು ದಶಕಗಳಲ್ಲಿ ಬ್ರಿಟನ್ ಮಾಡಿಕೊಂಡ ಸುಧಾರಣೆಗಳಲ್ಲಿ ಎಷ್ಟು ನಾಟಿವೆ, ಎಷ್ಟು ಗುರಿ ತಪ್ಪಿವೆ ಎಂದು ಅಳೆಯಲು ಈ ವಿಂಗಡಣೆ ಬೇಕೇ ಬೇಕು.

ಕಳ್ಳತನದ ಕತೆ ಮತಗಟ್ಟೆಯಲ್ಲಲ್ಲ, ಅಂಚೆಯಲ್ಲಿ ಶುರುವಾಗುತ್ತದೆ. 2001ಕ್ಕೆ ಮುಂಚೆ ಅಂಚೆ ಮತ ಬೇಕಿದ್ದರೆ ಕಾಯಿಲೆ, ಪರಊರಿನ ಕೆಲಸ ಹೀಗೆ ಕಾರಣ ಕೊಡಬೇಕಿತ್ತು. 2000ದ ಜನಪ್ರಾತಿನಿಧ್ಯ ಕಾಯ್ದೆ ಆ ನಿಬಂಧನೆ ತೆಗೆದು, ಕೇಳಿದವರಿಗೆಲ್ಲ ಮನೆಗೇ ಮತಪತ್ರ ಕಳಿಸುವ ವ್ಯವಸ್ಥೆ ತಂದಿತು. ಮತದಾನದ ಪ್ರಮಾಣ ಕುಸಿಯುತ್ತಿದ್ದ ಕಾಲ, ಉದ್ದೇಶ ಒಳ್ಳೆಯದೇ. ಆದರೆ ಕಾವಲು ಇರಲಿಲ್ಲ. ಮತದಾರ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು, ಯಾರಾದರೊಬ್ಬರು ಸಾಕ್ಷಿ ಹಾಕಬೇಕು, ಅಷ್ಟೇ. ಆ ಸಹಿಯನ್ನು ತಾಳೆ ನೋಡಲು ಚುನಾವಣಾ ಕಚೇರಿಯಲ್ಲಿ ಮೂಲ ಸಹಿಯೇ ಇರಲಿಲ್ಲ. ಮತದಾರರ ಪಟ್ಟಿಯೂ ಹಾಗೇ: ಮನೆಯ ಒಬ್ಬರು ಫಾರಂ ತುಂಬಿ ಮನೆಯವರ ಹೆಸರನ್ನೆಲ್ಲ ಬರೆದು ಕಳಿಸಿದರೆ ಸಾಕು, ಪರಿಶೀಲನೆ ಇಲ್ಲ. ಹಾಗಾಗಿ ಇಲ್ಲದ ಬಾಡಿಗೆದಾರರನ್ನು ಸೃಷ್ಟಿಸುವುದು ಸುಲಭವಾಗಿತ್ತು. ಸ್ಲೌ ಪಟ್ಟಣದಲ್ಲಿ 2007ರಲ್ಲಿ ಗೆದ್ದ ಕನ್ಸರ್ವೇಟಿವ್ ಕೌನ್ಸಿಲರ್ ಒಬ್ಬರು ಇಂಥ ಭೂತ ಮತದಾರರ ಪ್ರಕರಣದಲ್ಲಿ ಸ್ಥಾನ ಕಳೆದುಕೊಂಡು ಜೈಲಿಗೂ ಹೋದರು.

ವಾರ್ಡ್ ಮಟ್ಟದ ಲೆಕ್ಕ ಹಾಕಿದರೆ ಆಸೆ ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಅರ್ಥವಾಗುತ್ತದೆ. ಹತ್ತು ಸಾವಿರ ಮತದಾರರಿರುವ ವಾರ್ಡಿನಲ್ಲಿ ಮೂವತ್ತು ಪರ್ಸೆಂಟ್ ಮತದಾನವಾದರೆ ಬೀಳುವುದು ಮೂರು ಸಾವಿರ ಮತ. ನಾಲ್ಕು ಪಕ್ಷಗಳ ನಡುವೆ ಅದು ಹಂಚಿಹೋದರೆ, ಮುನ್ನೂರು ಮತಪತ್ರ ಕೈಯಲ್ಲಿಟ್ಟುಕೊಂಡವನು ಫಲಿತಾಂಶವನ್ನೇ ಕೈಯಲ್ಲಿಟ್ಟುಕೊಂಡಂತೆ. ಪಾರ್ಲಿಮೆಂಟ್ ಚುನಾವಣೆಯ ದೊಡ್ಡ ಕ್ಷೇತ್ರದಲ್ಲಿ ಈ ಆಟ ಆಡುವುದು ಕಷ್ಟ. ಬ್ರಿಟನ್ನಿನ ದೊಡ್ಡ ಅಕ್ರಮಗಳೆಲ್ಲ ಸ್ಥಳೀಯ ಚುನಾವಣೆಯಲ್ಲೇ ಬಯಲಾದದ್ದು ಅದಕ್ಕೇ.

ಬರ್ಮಿಂಗ್‌ಹ್ಯಾಮ್‌ನಲ್ಲಿ 2004ರ ಜೂನ್‌ನಲ್ಲಿ ಆದದ್ದು ಇದೇ. ಆಸ್ಟನ್ ಮತ್ತು ಬೋರ್ಡೆಸ್ಲಿ ಗ್ರೀನ್ ವಾರ್ಡುಗಳಲ್ಲಿ ಇತರರ ಹೆಸರಲ್ಲಿ ಅರ್ಜಿ ಹಾಕುವುದು, ಮತಪತ್ರವನ್ನು ಬೇರೆ ವಿಳಾಸಕ್ಕೆ ತರಿಸಿಕೊಳ್ಳುವುದು, ಮನೆಮನೆಯಿಂದ ಮುಚ್ಚದ ಲಕೋಟೆ ಸಂಗ್ರಹಿಸಿ ಒಳಗಿನ ಗುರುತು ಬದಲಿಸುವುದು ಎಲ್ಲ ನಡೆಯಿತು. ರಾತ್ರಿ ಹೊತ್ತು ಒಂದು ಗೋದಾಮಿನಲ್ಲಿ ಮತಪತ್ರಗಳ ರಾಶಿಯ ಮುಂದೆ ಕೂತಿದ್ದವರನ್ನು ಪೊಲೀಸರೇ ಕಂಡರು. ಚುನಾವಣಾ ನ್ಯಾಯಾಲಯದಲ್ಲಿ ಕಮಿಷನರ್ ಆಗಿ ಕೂತ ರಿಚರ್ಡ್ ಮಾರಿ 2005ರ ಏಪ್ರಿಲ್‌ನಲ್ಲಿ ಆರು ಲೇಬರ್ ಕೌನ್ಸಿಲರುಗಳ ಆಯ್ಕೆಯನ್ನು ರದ್ದು ಮಾಡಿದರು. ಈ ಅಕ್ರಮ ಪುಡಿ ಸರ್ವಾಧಿಕಾರದ ದೇಶಗಳಿಗೂ ನಾಚಿಕೆ ತರುವಂಥದ್ದು ಎಂಬ ಅರ್ಥದ ಮಾತು ಅವರ ತೀರ್ಪಿನಲ್ಲಿದೆ. ಈ ಪ್ರಕರಣ ಉದ್ಧರಿಸುವವರು ಸಾಮಾನ್ಯವಾಗಿ ಮರೆಯುವ ಒಂದು ವಿವರವಿದೆ. ದೋಷಿಗಳು ಮುಸ್ಲಿಮರು ಹೌದು. ಮತ ಕಳೆದುಕೊಂಡವರೂ, ಬೀದಿಯಲ್ಲಿ ನಿಂತು ಪ್ರತಿಭಟಿಸಿದವರೂ ಬಹುತೇಕ ಅದೇ ಬೀದಿಗಳ ಮುಸ್ಲಿಮರೇ.

ಆಮೇಲೆ ಬೀಗ ಬಿತ್ತು. 2006ರ ಕಾಯ್ದೆಯ ಪ್ರಕಾರ ಅಂಚೆ ಮತಕ್ಕೆ ಅರ್ಜಿ ಹಾಕುವಾಗಲೇ ಸಹಿ ಮತ್ತು ಜನ್ಮದಿನಾಂಕ ಕೊಡಬೇಕು. ಮನೆಗೆ ಬರುವ ಕಟ್ಟಿನಲ್ಲಿ ಮತಪತ್ರ, ಅದನ್ನು ಹಾಕಿ ಮುಚ್ಚಲು ‘ಎ’ ಲಕೋಟೆ, ಒಂದು ಹೇಳಿಕೆ ಪತ್ರ, ಎಲ್ಲವನ್ನೂ ಸೇರಿಸಿ ಕಳಿಸಲು ‘ಬಿ’ ಲಕೋಟೆ ಇರುತ್ತವೆ. ಹೇಳಿಕೆ ಪತ್ರದ ಸಹಿ ಮತ್ತು ಜನ್ಮದಿನಾಂಕ ಮೂಲ ಅರ್ಜಿಗೆ ತಾಳೆಯಾದರೆ ಮಾತ್ರ ‘ಎ’ ಲಕೋಟೆ ಎಣಿಕೆಗೆ ಹೋಗುತ್ತದೆ. ಮೊದಮೊದಲು ಐದರಲ್ಲೊಂದನ್ನು ತಾಳೆ ನೋಡಿದರೂ ಸಾಕಿತ್ತು, ಈಗ ಪ್ರತಿಯೊಂದನ್ನೂ ನೋಡಬೇಕು. ಎಡವುವುದು ಹೆಚ್ಚಾಗಿ ಪ್ರಾಮಾಣಿಕರೇ: ಜನ್ಮದಿನಾಂಕದ ಚೌಕದಲ್ಲಿ ಅವತ್ತಿನ ತಾರೀಖು ಬರೆಯುವವರು, ಪಾರ್ಶ್ವವಾಯುವಾಗಿ ಸಹಿ ಬದಲಾದವರು, ಒಂದೇ ಮನೆಗೆ ಬಂದ ಎರಡು ಕಟ್ಟುಗಳನ್ನು ಅದಲುಬದಲು ಮಾಡಿ ಗಂಡನ ಪತ್ರಕ್ಕೆ ಹೆಂಡತಿ ಸಹಿ ಹಾಕಿದ ದಂಪತಿಗಳು. ತಿರಸ್ಕೃತವಾದರೆ ಚುನಾವಣೆ ಮುಗಿದ ಮೇಲೆ ಕಾರಣ ತಿಳಿಸಿ ಪತ್ರ ಬರುತ್ತದೆ.

2014ರಿಂದ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ನೋಂದಾಯಿಸಬೇಕು, ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ವಿಮೆ) ಸಂಖ್ಯೆ ಕೊಟ್ಟು ಸರ್ಕಾರಿ ದಾಖಲೆಗೆ ತಾಳೆಯಾಗಬೇಕು. 2022ರ ಕಾಯ್ದೆ ಇನ್ನೂ ಬಿಗಿ ಮಾಡಿತು. ಅಂಚೆ ಮತದ ಅರ್ಜಿ ಮೂರು ವರ್ಷಕ್ಕೆ ಮುಗಿಯುತ್ತದೆ. ಪಕ್ಷದ ಕಾರ್ಯಕರ್ತರು ಬೇರೆಯವರ ಅಂಚೆ ಮತ ಮುಟ್ಟುವಂತಿಲ್ಲ, ಹತ್ತಿರದ ಸಂಬಂಧಿಯದ್ದೋ ತಾವು ಆರೈಕೆ ಮಾಡುವವರದ್ದೋ ಆದರೆ ಮಾತ್ರ ವಿನಾಯಿತಿ. ಮತಗಟ್ಟೆಗೆ ಕೈಯಾರೆ ತಂದುಕೊಡುವುದಾದರೆ ತನ್ನದೂ ಸೇರಿ ಆರಕ್ಕಿಂತ ಹೆಚ್ಚು ಕೊಡುವಂತಿಲ್ಲ, ಜೊತೆಗೆ ಫಾರಂ ತುಂಬಬೇಕು. ಫಾರಂ ಇಲ್ಲದೆ ಇಟ್ಟುಹೋದದ್ದು ಎಣಿಕೆಗೆ ಬರುವುದಿಲ್ಲ. 2004ರ ಗೋದಾಮಿನ ಪ್ರಯೋಗವನ್ನು ಇಂದು ಅದೇ ರೀತಿ ಮಾಡಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತಾರೆ.

ಉಳಿದಿರುವ ಬಿರುಕು ಒಂದೇ, ಆದರೆ ದೊಡ್ಡದು. ಸಹಿ ಮತದಾರಳದ್ದೇ ಎಂದು ಯಂತ್ರ ಹೇಳಬಲ್ಲದು; ಗುರುತು ಹಾಕಿದ್ದು ಅವಳೇ, ಒಬ್ಬಳೇ ಕೂತು ಎಂದು ಹೇಳಲಾರದು. 1872ರ ಗುಪ್ತ ಮತದಾನ ಕಾಯ್ದೆ ಜಮೀನ್ದಾರನ ಕಣ್ಣಿನಿಂದ ಒಕ್ಕಲನನ್ನು ಕಾಪಾಡಿತ್ತು. ಅಂಚೆ ಮತ ಆ ಗುಟ್ಟನ್ನು ಮತ್ತೆ ಮನೆಯ ಊಟದ ಮೇಜಿನ ಮೇಲೆ ಬಿಚ್ಚಿಟ್ಟಿದೆ. ಮತಗಟ್ಟೆಯ ಮರೆಯೊಳಗೆ ಇನ್ನೊಬ್ಬರ ಜೊತೆ ನಿಂತು ಪ್ರಭಾವ ಬೀರುವುದನ್ನು 2023ರ ಕಾಯ್ದೆ ಪ್ರತ್ಯೇಕ ಅಪರಾಧ ಮಾಡಿದೆ. ಮನೆಯೊಳಗೆ ಅದು ಕಾಲಿಡುವುದಿಲ್ಲ. ಸಾರ್ವತ್ರಿಕ ಚುನಾವಣೆಯಲ್ಲಿ ಸುಮಾರು ಐದರಲ್ಲೊಂದು ಮತ ಈಗ ಅಂಚೆಯಲ್ಲೇ ಬರುತ್ತದೆ. ಅಂಗವಿಕಲರಿಗೆ, ವೃದ್ಧರಿಗೆ, ಪಾಳಿ ಕೆಲಸದವರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ, ಹಾಗಾಗಿ ಯಾವ ಪಕ್ಷವೂ ಅದನ್ನು ಸಲೀಸಾಗಿ ಹಿಂತೆಗೆಯಲಾರದು.

ಧರ್ಮದ ಒತ್ತಡದ ವಿಷಯಕ್ಕೆ ಬಂದರೆ ಟವರ್ ಹ್ಯಾಮ್ಲೆಟ್ಸ್ ಪ್ರಕರಣವನ್ನು ದಾಟಿ ಹೋಗುವಂತಿಲ್ಲ. ಪೂರ್ವ ಲಂಡನ್ನಿನ ಈ ಬರೋದಲ್ಲಿ (ಸ್ವಂತ ಕೌನ್ಸಿಲ್ ಇರುವ ನಗರಭಾಗ) 2021ರ ಜನಗಣತಿಯಂತೆ ಶೇ 39.9 ಮಂದಿ ಮುಸ್ಲಿಮರು, ಹೆಚ್ಚಿನವರ ಬೇರು ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿದೆ. ಲೇಬರ್ ಪಕ್ಷ ಮೊದಲು ಆರಿಸಿ ಆಮೇಲೆ ಕೈಬಿಟ್ಟ ಲುತ್ಫುರ್ ರೆಹಮಾನ್ 2010ರಲ್ಲಿ ಪಕ್ಷೇತರರಾಗಿ ಮೇಯರ್ ಆದರು, 2014ರಲ್ಲಿ ಮತ್ತೆ ಗೆದ್ದರು. ನಾಲ್ವರು ಮತದಾರರು, ಅವರಲ್ಲೊಬ್ಬರು ಬಾಂಗ್ಲಾ ಮೂಲದವರೇ, ತಕರಾರು ಅರ್ಜಿ ಹಾಕಿದರು. 2015ರ ಏಪ್ರಿಲ್ 23ರಂದು ಅದೇ ರಿಚರ್ಡ್ ಮಾರಿ ಆಯ್ಕೆಯನ್ನು ಅನೂರ್ಜಿತಗೊಳಿಸಿ ಐದು ವರ್ಷ ಸ್ಪರ್ಧಿಸದಂತೆ ತಡೆದರು. ಅಂಚೆ ಮತದ ಅಕ್ರಮ, ಎದುರಾಳಿ ಜಾನ್ ಬಿಗ್ಸ್ ಜನಾಂಗದ್ವೇಷಿ ಎಂಬ ಸುಳ್ಳು ಪ್ರಚಾರ, ಕೌನ್ಸಿಲ್ ಅನುದಾನವನ್ನು ಮತಕ್ಕಾಗಿ ಹಂಚಿದ್ದು, ಇವೆಲ್ಲ ತೀರ್ಪಿನಲ್ಲಿದ್ದವು. ಅವುಗಳ ಜೊತೆ ‘ಅನುಚಿತ ಆಧ್ಯಾತ್ಮಿಕ ಪ್ರಭಾವ’ ಎಂಬ ಹಳೆಯ ಕಲಮೂ ಎದ್ದು ಬಂತು. ಚುನಾವಣೆಗೆ ಕೆಲವೇ ದಿನ ಇರುವಾಗ ಒಂದು ಬಂಗಾಳಿ ವಾರಪತ್ರಿಕೆಯಲ್ಲಿ 101 ಇಮಾಮರು ಮತ್ತು ವಿದ್ವಾಂಸರ ಸಹಿಯ ಪತ್ರ ಅಚ್ಚಾಗಿತ್ತು. ರೆಹಮಾನರಿಗೆ ಮತ ಹಾಕುವುದನ್ನು ಧಾರ್ಮಿಕ ಕರ್ತವ್ಯವೆಂಬಂತೆ ಬಿಂಬಿಸಲಾಗಿದೆ ಎಂದು ನ್ಯಾಯಾಲಯ ಕಂಡಿತು.

ಈ ಕಲಮು ಹುಟ್ಟಿದ್ದು ಮುಸ್ಲಿಮರಿಗಾಗಿ ಅಲ್ಲ. ಹತ್ತೊಂಬತ್ತನೇ ಶತಮಾನದ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಪೀಠದಿಂದಲೇ ಅಭ್ಯರ್ಥಿಯನ್ನು ತೋರಿಸುತ್ತಿದ್ದ ಕಾಲದ್ದು ಅದು. 1872ರ ಗಾಲ್ವೇ ಉಪಚುನಾವಣೆ ಈ ಕಾರಣಕ್ಕೇ ರದ್ದಾಗಿತ್ತು. ಕಲಮಿನ ಉದ್ದೇಶವನ್ನು ಒಪ್ಪಬಹುದು, ಆದರೆ ಅದರ ಗೆರೆ ಎಲ್ಲಿದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇಂಗ್ಲೆಂಡಿನ 26 ಬಿಷಪ್ಪರಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಪದನಿಮಿತ್ತ ಆಸನವಿದೆ. 2015ರ ಚುನಾವಣೆಗೆ ಮುನ್ನ ಬಿಷಪ್ಪರೂ ಮತದಾರರಿಗೆ ಉದ್ದದ ಪತ್ರ ಬರೆದಿದ್ದರು. ಯಾವ ಅಭ್ಯರ್ಥಿಯನ್ನೂ ಹೆಸರಿಸಲಿಲ್ಲ ಎಂಬುದೇ ವ್ಯತ್ಯಾಸ, ಕಾನೂನಿನ ಕಣ್ಣಲ್ಲಿ ಅದು ಮುಖ್ಯ ವ್ಯತ್ಯಾಸವೂ ಹೌದು. ಆದರೆ ಪಾಪ ತಟ್ಟುತ್ತದೆ ಎಂದು ಹೆದರಿಸುವುದಕ್ಕೂ ಇವರು ನಮ್ಮವರು ಎಂದು ಗುರುಗಳು ಬೆನ್ನು ತಟ್ಟುವುದಕ್ಕೂ ಅಂತರವಿದೆ. ಎರಡನೆಯದನ್ನೂ ಅಪರಾಧವೆಂದರೆ ವಿದ್ಯಾವಂತ ಭಕ್ತನಿಗೂ ಸ್ವಂತ ಬುದ್ಧಿಯಿಲ್ಲ ಎಂದಂತಾಗುತ್ತದೆ. 2022ರ ಕಾಯ್ದೆ ಭಾಷೆಯನ್ನು ತಿದ್ದಿ ಬರೆದರೂ ಆಧ್ಯಾತ್ಮಿಕ ಒತ್ತಡದ ಮಾತನ್ನು ಕೈಬಿಡಲಿಲ್ಲ. ಇತ್ತ ರೆಹಮಾನ್ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲೇ ಇಲ್ಲ. ನಿಷೇಧ ಮುಗಿಸಿಕೊಂಡು 2022ರಲ್ಲಿ ಅದೇ ಜನರಿಂದ ಮತ್ತೆ ಮೇಯರ್ ಆಗಿ ಆರಿಸಿ ಬಂದರು.

ಇಷ್ಟಕ್ಕೂ ಸಮುದಾಯದ ಹಿರಿಯರ ಮೂಲಕ ಸಗಟು ಮತ ಕೊಳ್ಳುವ ಪದ್ಧತಿಯನ್ನು ಬೆಳೆಸಿದ್ದು ಯಾರು? ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಸೀಮೆಯಲ್ಲಿ 1960ರ ದಶಕದ ಮಂಗಲಾ ಅಣೆಕಟ್ಟಿನಿಂದ ಲಕ್ಷದಷ್ಟು ಜನ ನೆಲೆ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಬರ್ಮಿಂಗ್‌ಹ್ಯಾಮ್, ಬ್ರ್ಯಾಡ್‌ಫರ್ಡ್‌ಗಳ ಕಾರ್ಖಾನೆ ಸೇರಿದರು. ಬಂಧುಬಳಗದ ಬಿರಾದರಿ ಅವರ ಜೊತೆಗೇ ಬಂತು. ಇಂಗ್ಲಿಷ್ ಬಾರದ ಊರಿನಲ್ಲಿ ಕೆಲಸ, ಮನೆ, ಸಾಲ ಎಲ್ಲಕ್ಕೂ ಅದೇ ಆಸರೆ. ಲೇಬರ್ ಪಕ್ಷದ ಸ್ಥಳೀಯ ಮುಖಂಡರಿಗೆ ಇದು ಬಹಳ ಅನುಕೂಲ ಕಂಡಿತು: ಒಬ್ಬ ಹಿರಿಯರ ಮನೆಯಲ್ಲಿ ಚಹಾ ಕುಡಿದರೆ ಐನೂರು ಮನೆ ಸುತ್ತುವ ಕೆಲಸ ತಪ್ಪುತ್ತದೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ನಮ್ಮ ಹಳ್ಳಿಯ ಯಜಮಾನರು ಮತ ಒಟ್ಟುಗೂಡಿಸುವುದನ್ನು ಕಂಡು 1955ರಲ್ಲಿ ‘ವೋಟ್ ಬ್ಯಾಂಕ್’ ಎಂದು ಬರೆದರಲ್ಲ, ಯಾರ್ಕ್‌ಷೈರ್‌ನಲ್ಲಿ ನಡೆದದ್ದೂ ಅದೇ ವ್ಯವಹಾರ. ಲಿಬರಲ್ ಡೆಮಾಕ್ರಾಟರು, ಕನ್ಸರ್ವೇಟಿವರು ತಮಗೆ ಸಿಕ್ಕಿದ ವಾರ್ಡಿನಲ್ಲಿ ಅದನ್ನೇ ಮಾಡಿದರು. 2013ರಲ್ಲಿ ವೋಕಿಂಗ್‌ನಲ್ಲಿ ಅಕ್ರಮಕ್ಕಾಗಿ ಸ್ಥಾನ ಕಳೆದುಕೊಂಡದ್ದು ಲಿಬರಲ್ ಡೆಮಾಕ್ರಾಟ್ ಕೌನ್ಸಿಲರ್. 2001ರಲ್ಲಿ ಓಲ್ಡಮ್, ಬರ್ನ್ಲಿ, ಬ್ರ್ಯಾಡ್‌ಫರ್ಡ್‌ಗಳಲ್ಲಿ ದಂಗೆಯಾದ ಮೇಲೆ ಕ್ಯಾಂಟಲ್ ವರದಿ ಎರಡು ಸಮುದಾಯಗಳು ಒಂದನ್ನೊಂದು ಮುಟ್ಟದೆ ಬದುಕುತ್ತಿವೆ ಎಂದು ಬರೆಯಿತು. ಅವರನ್ನು ಹಾಗೇ ಇಟ್ಟುಕೊಂಡು ಮತ ಎಣಿಸಿಕೊಂಡ ಪಕ್ಷಗಳು ಈಗ ಬೆರೆಯುತ್ತಿಲ್ಲ ಎಂದು ದೂರುವುದು ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ರೈತನನ್ನು ಬೈದಂತೆ.

ವಿಚಿತ್ರವೆಂದರೆ ಆ ದಲ್ಲಾಳಿ ಪದ್ಧತಿಗೆ ಪೆಟ್ಟು ಬಿದ್ದದ್ದು ಇಂದು ‘ಕೋಮು ಮತದಾನ’ ಎಂದು ಕರೆಯುವ ಬಂಡಾಯಗಳಿಂದಲೇ. 2012ರ ಬ್ರ್ಯಾಡ್‌ಫರ್ಡ್ ವೆಸ್ಟ್ ಉಪಚುನಾವಣೆಯಲ್ಲಿ ಹಿರಿಯರು ಲೇಬರ್ ಅಭ್ಯರ್ಥಿಯ ಬೆನ್ನಿಗಿದ್ದರು. ಯುವಕರು, ಹೆಂಗಸರು ರೆಸ್ಪೆಕ್ಟ್ ಪಕ್ಷದ ಅಭ್ಯರ್ಥಿ ಜಾರ್ಜ್ ಗ್ಯಾಲವೇ ಕಡೆ ಹೋದರು. ಗ್ಯಾಲವೇ 10,140 ಮತಗಳಿಂದ ಗೆದ್ದರು. ಅವರ ಪ್ರಚಾರದಲ್ಲಿ ಧರ್ಮದ ಬಳಕೆ ಧಾರಾಳವಾಗಿತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಮೂರೇ ವರ್ಷದಲ್ಲಿ ಅದೇ ಮತದಾರರು ನಾಜ್ ಶಾ ಎಂಬ ಲೇಬರ್ ಅಭ್ಯರ್ಥಿಗೆ 11,420 ಮತಗಳ ಮುನ್ನಡೆ ಕೊಟ್ಟು ಗ್ಯಾಲವೇ ಅವರನ್ನು ಮನೆಗೆ ಕಳಿಸಿದರು. ಯಾರೋ ಹೇಳಿದ ಕಡೆ ಮತ ಒತ್ತುವ ಮಂದೆ ಹೀಗೆ ವರ್ತಿಸುವುದಿಲ್ಲ. 2024ರದ್ದೂ ಇದೇ ಜಾಡು: 2023ರ ನವೆಂಬರ್ 15ರಂದು ಗಾಜಾ ಕದನವಿರಾಮದ ನಿರ್ಣಯಕ್ಕೆ ಮತ ಹಾಕದಂತೆ ನಾಯಕತ್ವ ಸೂಚಿಸಿದಾಗ 56 ಲೇಬರ್ ಸಂಸದರು ತಿರುಗಿಬಿದ್ದರು. ಅತೃಪ್ತಿ ಮಸೀದಿಯಲ್ಲಷ್ಟೇ ಅಲ್ಲ, ಪಕ್ಷದೊಳಗೂ ಇತ್ತು. ಬ್ಲ್ಯಾಕ್‌ಬರ್ನ್ ಗೆಲುವು ಬಂದದ್ದು ಶೇ 27ರಷ್ಟು ಮತದಲ್ಲಿ; ಅಲ್ಲಿ ಲೇಬರ್ ವಿರೋಧಿ ಮತವೇ ಒಡೆದು ಹಂಚಿಹೋಗಿತ್ತು. ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವ ಗೆಲ್ಲುವ ಪದ್ಧತಿಯಲ್ಲಿ, ಒಂದೇ ಕಡೆ ನೆಲೆಸಿದ ಸಮುದಾಯಕ್ಕೆ ಸಿಗುವ ಬಲ ಅದು. ಅದೇ ಪದ್ಧತಿ ಶೇ 14 ಮತ ಪಡೆದ ರಿಫಾರ್ಮ್ ಪಕ್ಷಕ್ಕೆ ಕೊಟ್ಟದ್ದು ಐದೇ ಸ್ಥಾನ. ಆದರೆ ಅದೇ ಚುನಾವಣೆಯಲ್ಲಿ ಅಭ್ಯರ್ಥಿಗಳ ಮೇಲೆ ಎರಗಿದ ಬೆದರಿಕೆಯನ್ನು ಆಯ್ಕೆಯ ಲೆಕ್ಕಕ್ಕೆ ಸೇರಿಸಬಾರದು. ಬರ್ಮಿಂಗ್‌ಹ್ಯಾಮ್‌ನ ಲೇಬರ್ ಸಂಸದೆ ಜೆಸ್ ಫಿಲಿಪ್ಸ್ ತಮ್ಮ ಗೆಲುವಿನ ಭಾಷಣವನ್ನೇ ಕೂಗಾಟದ ನಡುವೆ ಮುಗಿಸಬೇಕಾಯಿತು.

ಧರ್ಮ ನೋಡಿ ಮತ ಕೇಳುವ ಚಾಳಿ ಒಂದೇ ಕಡೆಗೆ ಸೀಮಿತವೂ ಅಲ್ಲ. ಕಾಶ್ಮೀರದ ಬಗ್ಗೆ ಲೇಬರ್ ಸಮ್ಮೇಳನ 2019ರಲ್ಲಿ ನಿರ್ಣಯ ಮಾಡಿದ ಮೇಲೆ, ಹಿಂದೂ ಮತದಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲೇಬರ್‌ಗೆ ಮತ ಬೇಡ ಎಂಬ ಸಂದೇಶಗಳು ಹರಿದಾಡಿದವು. 2016ರಲ್ಲಿ ಲಂಡನ್ ಮೇಯರ್ ಚುನಾವಣೆಗೆ ನಿಂತ ಕನ್ಸರ್ವೇಟಿವ್ ಅಭ್ಯರ್ಥಿ ಜ್ಯಾಕ್ ಗೋಲ್ಡ್‌ಸ್ಮಿತ್ ಪರವಾಗಿ, ಲೇಬರ್ ನಿಮ್ಮ ಮನೆಯ ಒಡವೆಗೆ ತೆರಿಗೆ ಹಾಕುತ್ತದೆ ಎಂಬ ಪತ್ರಗಳು ಭಾರತೀಯ ಹೆಸರಿನವರ ಮನೆಗೆ ಹೋಗಿದ್ದವು. 2024ರಲ್ಲಿ ಇಡೀ ದೇಶದಲ್ಲಿ ಲೇಬರ್‌ನಿಂದ ಕನ್ಸರ್ವೇಟಿವ್ ಪಕ್ಷ ಕಿತ್ತುಕೊಂಡದ್ದು ಒಂದೇ ಕ್ಷೇತ್ರ, ಲೆಸ್ಟರ್ ಈಸ್ಟ್. ಅಲ್ಲಿ ಶಿವಾನಿ ರಾಜಾ ಗೆದ್ದದ್ದರಲ್ಲಿ 2022ರ ಹಿಂದೂ–ಮುಸ್ಲಿಂ ಘರ್ಷಣೆಯ ನೆನಪೂ, ಇಬ್ಬರು ಮಾಜಿ ಲೇಬರ್ ಸಂಸದರು ಬೇರೆ ಬೇರೆಯಾಗಿ ನಿಂತು ಮತ ಒಡೆದದ್ದೂ ಸೇರಿವೆ. ಅದನ್ನು ಯಾರೂ ಸಮಾಜದಲ್ಲಿ ಬೆರೆಯದಿರುವುದಕ್ಕೆ ಸಾಕ್ಷಿ ಎನ್ನಲಿಲ್ಲ. ಇನ್ನು ಧರ್ಮದ ಮೇಲೇ ನಿಂತ ಪಕ್ಷಗಳನ್ನು ನೋಡಬೇಕಿದ್ದರೆ ಉತ್ತರ ಐರ್ಲೆಂಡಿಗೆ ಹೋದರೆ ಸಾಕು.

ಮತಗಟ್ಟೆಯಲ್ಲಿ ಫೋಟೊ ಗುರುತು ಕೇಳುವುದೂ ಅಲ್ಲಿಂದಲೇ ಬಂದದ್ದು, 2003ರಿಂದ ಅಲ್ಲಿ ಅದು ರೂಢಿಯಲ್ಲಿದೆ. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳವರೆಗೆ ಹೆಸರು, ವಿಳಾಸ ಹೇಳಿದರೆ ಮತಪತ್ರ ಕೊಡುತ್ತಿದ್ದರು. ಬೆರಳಿಗೆ ಶಾಯಿಯೂ ಇಲ್ಲ. ಮೈಸೂರಿನ ಶಾಯಿ ಎಷ್ಟೋ ದೇಶಗಳಿಗೆ ಹೋಗುತ್ತದೆ, ಆ ದೇಶಕ್ಕೆ ಮಾತ್ರ ಬೇಕಾಗಿಲ್ಲ. ಮತಗಟ್ಟೆಯಲ್ಲಿ ಬೇರೆಯವರಂತೆ ನಟಿಸಿದ ಆರೋಪಗಳು 2019ರಲ್ಲಿ ಇಡೀ ದೇಶದಲ್ಲಿ ಮೂವತ್ತರ ಆಸುಪಾಸು, ಶಿಕ್ಷೆಯಾದದ್ದು ಒಬ್ಬರಿಗೆ. ಗುರುತಿನ ಚೀಟಿ ಬಂದ ಮೊದಲ ಚುನಾವಣೆಯಲ್ಲೇ ಚೀಟಿಯಿಲ್ಲದೆ ವಾಪಸಾಗಿ ಮತ್ತೆ ಬಾರದವರು ಕನಿಷ್ಠ 14,000; 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಸುಮಾರು 16,000. ವೃದ್ಧರ ಬಸ್ ಪಾಸ್ ನಡೆಯುತ್ತದೆ, ಯುವಕರ ರೈಲು ಕಾರ್ಡ್ ನಡೆಯುವುದಿಲ್ಲ; ಈ ಪಟ್ಟಿ ಮಾಡಿದವರ ಮತದಾರರು ಯಾವ ವಯಸ್ಸಿನವರೆಂದು ಊಹಿಸುವುದು ಕಷ್ಟವಲ್ಲ. ಕಾಯ್ದೆ ತಂದ ಸರ್ಕಾರದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರೇ 2024ರ ಮೇ 2ರಂದು ಚೀಟಿ ಮರೆತು ಮನೆಗೆ ಹೋಗಿ ಬರಬೇಕಾಯಿತು. ಬ್ಯಾಂಕ್ ಕಾರ್ಡನ್ನೂ ಒಪ್ಪಿಕೊಳ್ಳುವುದಾಗಿ ಲೇಬರ್ ಸರ್ಕಾರ 2025ರ ಜುಲೈನಲ್ಲಿ ಹೇಳಿದೆ. ಅದರಲ್ಲಿ ಫೋಟೊ ಇರುವುದಿಲ್ಲ, ಅಂದರೆ ಮೂಲ ಉದ್ದೇಶವೇ ಸಡಿಲ.

ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ಹಲವರಿಗೆ ತಿಳಿಯದ ಒಂದು ವಿಷಯ: ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾದಲ್ಲಿ ಓದುತ್ತಲೋ ದುಡಿಯುತ್ತಲೋ ಇದ್ದರೂ, ಕಾಮನ್‌ವೆಲ್ತ್ ಪ್ರಜೆಯಾಗಿ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕುವ ಹಕ್ಕಿದೆ. ಚುನಾವಣೆಗೆ 12 ಕೆಲಸದ ದಿನ ಮುಂಚೆ ಹೆಸರು ನೋಂದಾಯಿಸಬೇಕು. ಅಂಚೆ ಮತಕ್ಕೆ ಚುನಾವಣೆಗೆ ಮುಂಚಿನ 11ನೇ ಕೆಲಸದ ದಿನದ ಸಂಜೆ 5 ಗಂಟೆ ಗಡುವು. ಫೋಟೊ ಗುರುತು ಇಲ್ಲದವರು ಉಚಿತ ಪ್ರಮಾಣಪತ್ರಕ್ಕೆ 6ನೇ ಕೆಲಸದ ದಿನದ ಸಂಜೆ 5ರೊಳಗೆ ಅರ್ಜಿ ಹಾಕಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸಾಕು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಬೀಗಗಳ ನಡುವೆ ಯಾರೂ ಮುಟ್ಟದ ಜಾಗವೊಂದಿದೆ, ದೂರು ಕೊಡುವ ಬಾಗಿಲು. ಬ್ರಿಟನ್ನಿನಲ್ಲಿ ಚುನಾವಣಾ ಆಯೋಗ ಯಾವ ಫಲಿತಾಂಶವನ್ನೂ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಮತದಾರರೋ ಸೋತ ಅಭ್ಯರ್ಥಿಯೋ ಸಾಮಾನ್ಯವಾಗಿ 21 ದಿನದೊಳಗೆ ಅರ್ಜಿ ಹಾಕಬೇಕು. ಸ್ಥಳೀಯ ಚುನಾವಣೆಗೆ 2,500 ಪೌಂಡ್, ಪಾರ್ಲಿಮೆಂಟಿಗೆ 5,000 ಪೌಂಡ್‌ವರೆಗೆ ಭದ್ರತಾ ಠೇವಣಿ ಇಡಬೇಕು, ವಕೀಲರ ಖರ್ಚು ಬೇರೆ. ಟವರ್ ಹ್ಯಾಮ್ಲೆಟ್ಸ್‌ನ ನಾಲ್ವರು ಸೋತಿದ್ದರೆ ಎದುರು ಪಕ್ಷದ ಖರ್ಚೂ ಅವರ ತಲೆಗೇ ಬರುತ್ತಿತ್ತು. ಗೆದ್ದಾಗ ನ್ಯಾಯಾಲಯ ರೆಹಮಾನ್ ಕೂಡಲೇ 2,50,000 ಪೌಂಡ್ ಕೊಡಬೇಕೆಂದು ಆದೇಶಿಸಿತು, ಅವರು ದಿವಾಳಿ ಘೋಷಿತರಾದರು. ಈ ವಿಧಾನವನ್ನೇ ಬದಲಿಸಬೇಕೆಂದು ಕಾನೂನು ಆಯೋಗ 2020ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಮತಗಟ್ಟೆಯ ಗುರುತಿನ ಚೀಟಿಗೆ ಜಾಗ ಮಾಡಿಕೊಟ್ಟ 2022ರ ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.